ಬಗ್ಗಿದ ಹ್ಯಾಂಡಲ್ಲಿನ ಪರವಾಗಿ

2024ರ ನವೆಂಬರದ ಕಿರುಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ತಿರುಗಿ ಕೊಡುವ ದಿನ ಇತಿಹಾಸದ ಗುರುಗಳು ನನ್ನನ್ನು ಮೇಜಿನ ಹತ್ತಿರ ಕರೆದು, "ಏನಪ್ಪಾ, ಇದು ಕನ್ನಡವೋ ಮೋಡಿಯೋ?" ಎಂದು ಕೇಳಿದರು. ಹಳೆಯ ದಫ್ತರಗಳ ಆ ಮೋಡಿ ಲಿಪಿಯನ್ನು ಕಣ್ಣಾರೆ ಕಂಡವರು ನಮ್ಮ ತರಗತಿಯಲ್ಲಿ ಒಬ್ಬರೂ ಇರಲಿಕ್ಕಿಲ್ಲ; ಆದರೂ ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನಸ್ಸಿನಲ್ಲಿ ನಗೆ ಇರಲಿಲ್ಲ. ಯಾಕೆಂದರೆ ಆ ಉತ್ತರಗಳನ್ನು ಬರೆಯುವಾಗ ನನ್ನ ಬಲಗೈಯ ಕಿರುಬೆರಳೂ ಉಂಗುರಬೆರಳೂ ನನ್ನ ಮಾತು ಕೇಳುತ್ತಿರಲಿಲ್ಲ. ಜೋಮು ಹಿಡಿದು ಹತ್ತು ದಿನಗಳಾಗಿದ್ದವು. ಪೆನ್ನು ಹಿಡಿದರೆ ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಇರಬೇಕಾದ ಬಿಗುವು ಇರಲಿಲ್ಲ. ಒಂದು ಗಂಟೆಯ ಪರೀಕ್ಷೆಯಲ್ಲಿ ನಾಲ್ಕು ಸಲ ಪೆನ್ನು ಕೆಳಗೆ ಬಿದ್ದಿತು.

ಇದಕ್ಕೆ ಕಾರಣ ನನ್ನ ಸೈಕಲ್ಲು. ಇನ್ನೂ ನಿಖರವಾಗಿ ಹೇಳಬೇಕೆಂದರೆ ಸೈಕಲ್ಲಿನ ಹ್ಯಾಂಡಲ್ಲು. ಸಾಹಿತ್ಯ, ದೇಶಸೇವೆ, ವಿದ್ಯಾರ್ಥಿಗಳ ಶಿಸ್ತು ಮುಂತಾದ ಘನವಾದ ವಿಷಯಗಳ ನಡುವೆ ಈ ಕಬ್ಬಿಣದ ಕೊಳವೆಗೇನು ಸ್ಥಾನ ಎಂದು ಯಾರಾದರೂ ಕೇಳಬಹುದು. ನಮ್ಮ ಕಾಲೇಜಿಗೆ ಸುತ್ತಲಿನ ಹಳ್ಳಿಗಳಿಂದ ಸೈಕಲ್ಲಿನ ಮೇಲೆ ಬರುವವರು ಈಗ ಮೊದಲಿನಷ್ಟು ಇಲ್ಲವಾದರೂ ಸ್ಟ್ಯಾಂಡು ಇನ್ನೂ ಬರಿದಾಗಿಲ್ಲ. ಅಲ್ಲಿ ನಿಂತ ಸೈಕಲ್ಲುಗಳಲ್ಲಿ ಬಹುತೇಕ ಎಲ್ಲವುಗಳ ಹ್ಯಾಂಡಲ್ಲೂ ಈಗ ನೆಟ್ಟಗೆ, ಬಡಿಗೆಯಂತೆ ಇದೆ. ಬಗ್ಗಿದ ಹ್ಯಾಂಡಲ್ಲಿನದನ್ನು ತಂದವನು ಅದನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸುತ್ತಾನೆ. ಈ ನಾಚಿಕೆಯ ವಿರುದ್ಧವೇ ನನ್ನ ಲೇಖನ.

ನಡೆದದ್ದು ಹೀಗೆ. ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ ಥ್ಯಾಕರೆ ಬಿದ್ದು ರಾಣಿ ಚನ್ನಮ್ಮನ ಸೈನ್ಯ ಗೆದ್ದದ್ದು 1824ರ ಅಕ್ಟೋಬರ 23ರಂದು. 2024ಕ್ಕೆ ಅದಕ್ಕೆ ಸರಿಯಾಗಿ ಇನ್ನೂರು ವರ್ಷ ತುಂಬಿತು. ಆ ಗೆಲುವು ಬಹಳ ದಿನ ಉಳಿಯಲಿಲ್ಲವೆಂಬುದು ನಮಗೆಲ್ಲ ಗೊತ್ತಿದ್ದದ್ದೇ. ಅದೇ ವರ್ಷದ ಡಿಸೆಂಬರದಲ್ಲಿ ಕೋಟೆ ಕೈತಪ್ಪಿತು. ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದು 1829ರಲ್ಲಿ ತೀರಿಕೊಂಡಳು. ಅವಳ ಸಮಾಧಿ ಅಲ್ಲಿಯೇ ಇದೆ. ಉತ್ಸವದ ಗದ್ದಲ ಮುಗಿದ ಮೇಲೆ ಗೆದ್ದ ಕೋಟೆಯಿಂದ ಸೆರೆಯ ಊರಿಗೆ ಸೈಕಲ್ಲಿನ ಮೇಲೆ ಹೋಗಬೇಕು, ಅಲ್ಲಿಂದ ಮುಂದೆ ಸವದತ್ತಿಯ ಗುಡ್ಡ ಕಂಡು ರಾಮದುರ್ಗ ಮುಟ್ಟಬೇಕು ಎಂದು ನಾನೂ ನನ್ನ ಗೆಳೆಯನೂ ನಿಶ್ಚಯಿಸಿದೆವು. ರಾಮದುರ್ಗ ಅವನ ಊರು. ಒಟ್ಟು ನೂರು ಕಿಲೋಮೀಟರಿಗೆ ಕಡಿಮೆಯಿಲ್ಲದ ದಾರಿ. ಎರಡು ದಿನದ ಕೆಲಸ.

ನನ್ನದು ಹೊಸ ಸೈಕಲ್ಲು. ಎಂಟನೆಯ ತರಗತಿಯಲ್ಲಿ ಸರಕಾರದ ಯೋಜನೆಯಿಂದ ಬಂದ ಸೈಕಲ್ಲು (2006-07ರಲ್ಲಿ ಆರಂಭವಾದ ಆ ಯೋಜನೆ ನಮ್ಮ ಕಡೆಯ ಎಷ್ಟೋ ಹೆಣ್ಣುಮಕ್ಕಳನ್ನು ಹೈಸ್ಕೂಲು ಮುಟ್ಟಿಸಿತು) ತಂಗಿಯ ಪಾಲಿಗೆ ಹೋದ ಮೇಲೆ, ಕಾಕಾ ಹತ್ತಿ ಮಾರಿದ ಹಣದಲ್ಲಿ ನನಗೊಂದು ಕೊಡಿಸಿದ್ದರು. ದಪ್ಪ ಟಾಯರು, ಅಗಲವಾದ ನೆಟ್ಟನೆಯ ಹ್ಯಾಂಡಲ್ಲು, ಸೀಟಿಗಿಂತ ನಾಲ್ಕು ಬೆರಳು ತಗ್ಗು. ಏರಿ ಕುಳಿತರೆ ಬೇಟೆಗೆ ಹೊರಟಂತೆ ಕಾಣುತ್ತದೆ. ಗೆಳೆಯನದು ಅವರ ಸೋದರಮಾವನ ಕರಿ ಸೈಕಲ್ಲು. ಎರಡು ಕಡೆಗೂ ಹಾಲಿನ ಕ್ಯಾನು ಹೊತ್ತು ಸವೆದದ್ದು, ಸರಳಿನ ಬ್ರೇಕು, ಹಿಡಿಗಳು ಸವಾರನ ಹೊಟ್ಟೆಯ ಕಡೆಗೆ ತಿರುಗಿದ ಹ್ಯಾಂಡಲ್ಲು. ಕಿತ್ತೂರಿನ ಕೋಟೆಯ ಮುಂದೆ ಫೋಟೊ ತೆಗೆಸಿಕೊಳ್ಳುವಾಗ ಅವನ ಸೈಕಲ್ಲನ್ನು ನನ್ನ ಸೈಕಲ್ಲಿನ ಹಿಂದೆ ಮರೆಮಾಡಿದೆವು.

ಬೈಲಹೊಂಗಲದವರೆಗೆ ಏನೂ ತೊಂದರೆಯಿಲ್ಲ. ಸಮಾಧಿಗೆ ಹೋಗಿ ಕೈಮುಗಿದು, ಉಂಡು, ಮಧ್ಯಾಹ್ನ ಸವದತ್ತಿಯ ದಾರಿ ಹಿಡಿದೆವು. ಎರಡೂ ಮಗ್ಗುಲಿಗೆ ಎರೆಭೂಮಿ. ರಸ್ತೆ ಅಲ್ಲಲ್ಲಿ ಟ್ರ್ಯಾಕ್ಟರುಗಳ ತುಳಿತಕ್ಕೆ ಸಿಕ್ಕು ಅಲೆಅಲೆಯಾಗಿ ಎದ್ದಿತ್ತು. ಮೂಡಗಾಳಿ ಎದುರಿಗೆ ಬೀಸುತ್ತಿತ್ತು. ಗಾಳಿಗೆ ತಲೆ ತಗ್ಗಿಸಿದಂತೆಲ್ಲ ಮೈಯ ಭಾರ ಮುಂದೆ ಬಂದು ಎರಡೂ ಅಂಗೈಗಳ ಮೇಲೆ ಕುಳಿತಿತು. ಮೊದಲು ಕಿರುಬೆರಳಿನಲ್ಲಿ ಇರುವೆ ಹರಿದಂತಾಯಿತು. ಕೈ ಝಾಡಿಸಿದೆ, ಹೋಯಿತು. ಮತ್ತೆ ಬಂದಿತು. ಹ್ಯಾಂಡಲ್ಲಿನ ಮೇಲೆ ಬೇರೆ ಎಲ್ಲಿ ಕೈಯಿಡೋಣವೆಂದರೆ ಎಲ್ಲಿಯೂ ಎಡೆಯಿಲ್ಲ. ತುದಿಯಲ್ಲಿ ಹಿಡಿದರೂ ನಡುವೆ ಹಿಡಿದರೂ ಮಣಿಕಟ್ಟು ಅದೇ ರೀತಿ ಹಿಂದಕ್ಕೆ ಮಡಚಿಕೊಂಡೇ ಇರುತ್ತದೆ. ನವಿಲುತೀರ್ಥದ ಕಟ್ಟೆ ನೋಡಲು ತಿರುಗಿದಾಗ ಮಲಪ್ರಭೆಯ ನೀರಿನಲ್ಲಿ ಕೈ ಅದ್ದಿದೆ. ನೀರು ತಣ್ಣಗಿದೆಯೆಂದು ಮೂರೇ ಬೆರಳಿಗೆ ತಿಳಿಯಿತು.

ರಾತ್ರಿ ಯಲ್ಲಮ್ಮನ ಗುಡ್ಡದಲ್ಲಿ ಉಳಿದೆವು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಳ್ಳಲು ಆಗಲಿಲ್ಲ. ಗೆಳೆಯ ಹಾಕಿಕೊಟ್ಟ. ಅವನಿಗೆ ಏನೂ ಆಗಿರಲಿಲ್ಲ. "ನಿನ್ನ ಬೇಟಿ ಕುದುರಿ ಕಚ್ಚೇತಿ ನೋಡು" ಎಂದು ನಕ್ಕ. ಆ ದಿನದ ದಾರಿಯ ವರ್ಣನೆ ಬೇಡ. ಕಣ್ಣಿಗೆ ಏನು ಕಂಡಿತೆಂಬುದೇ ನನಗೆ ನೆನಪಿಲ್ಲ, ಲಕ್ಷ್ಯವೆಲ್ಲ ಎರಡು ಬೆರಳುಗಳ ಕಡೆಗಿತ್ತು.

ರಾಮದುರ್ಗದಲ್ಲಿ ಗೆಳೆಯನ ಅಜ್ಜ ಇದ್ದಾರೆ. ಆಯುಷ್ಯವೆಲ್ಲ ಕೈಮಗ್ಗದ ಮುಂದೆ ಕುಳಿತವರು. ನಾನು ಎಡಗೈಯಿಂದ ರೊಟ್ಟಿ ಮುರಿಯುವುದನ್ನು ನೋಡಿ, "ಯಾಕ ತಮ್ಮಾ, ಕೈಗೆ ಏನಾತು?" ಎಂದು ಕೇಳಿದರು. ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾವು ದಿನಕ್ಕ ಹತ್ತ ತಾಸು ಮಗ್ಗದಾಗ ಕೂಡತಿದ್ವಿ. ಸೊಂಟ ಹಿಡೀತಿತ್ತು, ಕಣ್ಣು ಉರೀತಿತ್ತು. ಕೈಗೆ ಮಾತ್ರ ಜೋಮು ಬರಲಿಲ್ಲ. ಲಾಳಿ ಒಗಿಯೋ ಕೈ ಒಂದ ಕಡೆ ನಿಂತರ ಅಲ್ಲೇನು ಜೋಮು ಬರೂದು?" ಎಂದರು. ಆಗ ನನಗೆ ಆ ಮಾತಿನ ಬೆಲೆ ತಿಳಿಯಲಿಲ್ಲ. ಅಜ್ಜಂದಿರು ತಮ್ಮ ಕಾಲವನ್ನು ಹೊಗಳಿಕೊಳ್ಳುವುದು ಇದ್ದದ್ದೇ ಎಂದು ಸುಮ್ಮನಾದೆ.

ಪರೀಕ್ಷೆಯಲ್ಲಿ ಪೆನ್ನು ಬಿದ್ದ ಮೇಲೆ ಡಾಕ್ಟರರನ್ನು ಕಂಡೆ. ಅವರು ಹೇಳಿದ್ದನ್ನೂ ಆಮೇಲೆ ನಾನು ಓದಿ ತಿಳಿದದ್ದನ್ನೂ ಕೂಡಿಸಿ ಬರೆಯುತ್ತೇನೆ. ಮೊಣಕೈಯ ಒಳಮಗ್ಗುಲು ಬಾಗಿಲಿಗೆ ಬಡಿದರೆ ಝುಮ್ಮೆನ್ನುವ ನರವೊಂದುಂಟಲ್ಲ, ಅದು ಅಲ್ಲಿಂದ ಇಳಿದು ಮಣಿಕಟ್ಟಿನ ಕಿರುಬೆರಳ ಕಡೆಯ ಮಗ್ಗುಲಿನಲ್ಲಿ ಎರಡು ಸಣ್ಣ ಎಲುಬುಗಳ ನಡುವಿನ ಸಂದಿಯಿಂದ ಅಂಗೈಗೆ ಬರುತ್ತದೆ. ಪ್ಯಾರಿಸಿನ ಗುಯೋನ್ ಎಂಬ ಶಸ್ತ್ರವೈದ್ಯ 1861ರಲ್ಲಿ ಆ ಸಂದಿಯನ್ನು ವರ್ಣಿಸಿದ. ಇಂದಿಗೂ ಅದಕ್ಕೆ ಅವನದೇ ಹೆಸರು. ಕಿರುಬೆರಳಿಗೂ ಉಂಗುರಬೆರಳಿನ ಅರ್ಧಕ್ಕೂ ಸ್ಪರ್ಶಜ್ಞಾನ ಕೊಡುವುದು ಈ ನರ. ಅಷ್ಟೇ ಆಗಿದ್ದರೆ ಪರವಾ ಇರಲಿಲ್ಲ. ಅಂಗೈಯೊಳಗಿನ ಸಣ್ಣ ಸ್ನಾಯುಗಳಲ್ಲಿ ಹೆಚ್ಚಿನವನ್ನೂ, ಹೆಬ್ಬೆರಳನ್ನು ತೋರುಬೆರಳಿಗೆ ಒತ್ತುವ ಸ್ನಾಯುವನ್ನೂ ನಡೆಸುವುದೂ ಅದೇ. ಪೆನ್ನು ಹಿಡಿಯುವುದೆಂದರೆ ಆ ಒತ್ತುವಿಕೆಯೇ ಅಲ್ಲವೆ? ನೆಟ್ಟನೆಯ ಹ್ಯಾಂಡಲ್ಲಿನ ಮೇಲೆ ಭಾರ ಹಾಕಿ ತಾಸುಗಟ್ಟಲೆ ಕುಳಿತವನ ಅಂಗೈಯ ಅಂಚು ನೇರವಾಗಿ ಆ ಸಂದಿಯ ಮೇಲೆಯೇ ಒತ್ತುತ್ತದೆ. ರಸ್ತೆಯ ಪ್ರತಿಯೊಂದು ಕುಲುಕಾಟವೂ ಅಲ್ಲಿಯೇ ಸುತ್ತಿಗೆಯಂತೆ ಬಡಿಯುತ್ತದೆ. ವೈದ್ಯರು ಈ ಬೇನೆಗೆ ಸೈಕಲ್ಲಿನವರ ಹೆಸರನ್ನೇ ಇಟ್ಟುಬಿಟ್ಟಿದ್ದಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೆ ಜೋಮು ಬಂದರೆ ಅದು ಬೇರೆ ನರದ್ದು. ಮಣಿಕಟ್ಟಿನ ನಡುಭಾಗ ಒತ್ತಿದ್ದರಿಂದ ಆದದ್ದು. ಕೈ ಝಾಡಿಸಿದ ಕೂಡಲೆ ಹೋಗುವ ಜೋಮು ಎಚ್ಚರಿಕೆ. ಇಳಿದ ಮೇಲೂ ದಿನಗಟ್ಟಲೆ ಉಳಿಯುವ ಜೋಮಿಗೆ ಡಾಕ್ಟರರ ಬಾಗಿಲೇ ಗತಿ. "ನಾಲ್ಕು ವಾರ ಸೈಕಲ್ಲು ಮುಟ್ಟಬೇಡ" ಎಂದರು. ಮುಟ್ಟಲಿಲ್ಲ.

ಸೈಕಲ್ಲು ಹುಟ್ಟಿದಾಗ ಕೈಯ ಮೇಲೆ ಭಾರ ಹಾಕುವ ವಿಚಾರವೇ ಇರಲಿಲ್ಲವೆಂಬುದು ಸೋಜಿಗ. ಜರ್ಮನಿಯ ಮ್ಯಾನ್‌ಹೈಮಿನಲ್ಲಿ ಕಾರ್ಲ್ ಫಾನ್ ಡ್ರೈಸ್ 1817ರಲ್ಲಿ ಓಡಿಸಿದ ಮರದ ಗಾಡಿಗೆ ಪೆಡಲುಗಳೇ ಇರಲಿಲ್ಲ, ನೆಲಕ್ಕೆ ಕಾಲು ಒದ್ದು ಓಡಿಸಬೇಕು. ಆದರೆ ಮುಂಗೈ ಇಟ್ಟು ಆನಲು ಮೆತ್ತೆ ಹಾಕಿದ ಹಲಗೆಯೊಂದಿತ್ತು. ಮುಂದೆ ಆ ಹಲಗೆ ಹೋಯಿತು. 1989ರ ಟೂರ್ ದ ಫ್ರಾನ್ಸ್ ಸ್ಪರ್ಧೆಯ ಕಡೆಯ ದಿನ ಅಮೇರಿಕದ ಗ್ರೆಗ್ ಲಿಮಾಂಡ್ ಮುಂಗೈ ಆನಿಸುವ ಹ್ಯಾಂಡಲ್ಲು ಕಟ್ಟಿಕೊಂಡು ಬಂದು ಎಂಟೇ ಎಂಟು ಸೆಕೆಂಡುಗಳಿಂದ ಇಡೀ ಸ್ಪರ್ಧೆ ಗೆದ್ದಾಗ, ಅದನ್ನು ಹೊಸ ಶೋಧವೆಂದು ಜಗತ್ತು ಹೊಗಳಿತು. ಅವನಿಗೆ ಬೇಕಾದದ್ದು ಗಾಳಿಯನ್ನು ಸೀಳುವುದು, ಡ್ರೈಸನಿಗೆ ಬೇಕಾದದ್ದು ಆಸರೆ. ಉದ್ದೇಶ ಬೇರೆ ಬೇರೆ. ಆದರೂ 172 ವರ್ಷ ಸುತ್ತಿ ಮುಂಗೈ ಮತ್ತೆ ತನ್ನ ಹಲಗೆಗೆ ಬಂದದ್ದು ನನಗೆ ಬಹಳ ಮೋಜಿನದಾಗಿ ಕಂಡಿತು.

ನಾವು ಈಗ ಮೆಚ್ಚುವ ನೆಟ್ಟನೆಯ ಹ್ಯಾಂಡಲ್ಲು ಅಮೇರಿಕದ ಕ್ಯಾಲಿಫೋರ್ನಿಯದ ಗುಡ್ಡಗಳಲ್ಲಿ 1970ರ ದಶಕದಲ್ಲಿ ತಲೆಯೆತ್ತಿದ ಬೆಟ್ಟದ ಸೈಕಲ್ಲಿನೊಡನೆ ನಮ್ಮಲ್ಲಿಗೆ ಬಂದದ್ದು. ಕಲ್ಲು ಹಾದಿಯಲ್ಲಿ ಇಳಿಯುವವನು ಸೀಟಿನ ಮೇಲೆ ಕುಳಿತಿರುವುದಿಲ್ಲ, ಪೆಡಲಿನ ಮೇಲೆ ನಿಂತಿರುತ್ತಾನೆ. ಕೈ ಅಗಲಿಸಿ ಹಿಡಿದರೆ ಸೈಕಲ್ಲು ಅವನ ಅಂಕೆಯಲ್ಲಿರುತ್ತದೆ. ಇಳಿತ ಅರ್ಧ ತಾಸಿನಲ್ಲಿ ಮುಗಿಯುತ್ತದೆ. ಅವನಿಗೆ ಅದು ಸರಿಯಾದದ್ದೇ. ಆದರೆ ಕುಳಿತಲ್ಲಿಯೇ ಕುಳಿತು ಆರು ತಾಸು ಎರೆಹೊಲದ ಸೀಮೆ ದಾಟುವವನಿಗೆ ಅದೇಕೆ? ಕುಸ್ತಿಯ ಲಂಗೋಟಿ ಉಟ್ಟು ಮದುವೆಗೆ ಹೋದಂತೆ.

ಇನ್ನು ಬಗ್ಗಿದ ಹ್ಯಾಂಡಲ್ಲು. ಇಂಗ್ಲೆಂಡಿನಲ್ಲಿ ಈ ಮಾದರಿಗೆ 'ನಾರ್ತ್ ರೋಡ್' ಎಂದು ಹೆಸರು. ಲಂಡನ್ನಿನಿಂದ ಸ್ಕಾಟ್ಲೆಂಡಿನವರೆಗೆ ಹೋಗುವ ಹಳೆಯ ಹೆದ್ದಾರಿಯದೂ ಅದೇ ಹೆಸರು. ಉದ್ದ ದಾರಿಯ ಹೆಸರನ್ನೇ ಹೊತ್ತ ಹ್ಯಾಂಡಲ್ಲಿಗೆ ನಾವು 'ಹಾಲಿನವನದು' ಎಂದು ಹೆಸರಿಟ್ಟು ನಗುತ್ತೇವೆ. ಎದ್ದು ನಿಂತು ಎರಡು ಕೈಗಳನ್ನೂ ಇಳಿಬಿಟ್ಟು ನೋಡಿರಿ: ಅಂಗೈಗಳು ಒಂದನ್ನೊಂದು ನೋಡುತ್ತಿರುತ್ತವೆ, ನೆಲವನ್ನಲ್ಲ. ಕೊಡ ಹಿಡಿದವಳ ಕೈಯೂ ಹಾಗೆಯೇ ಇರುತ್ತದೆ. ಬಗ್ಗಿದ ಹ್ಯಾಂಡಲ್ಲು ಅಂಗೈಗೆ ಈ ಸಹಜ ನಿಲುವನ್ನು ಬಹುಮಟ್ಟಿಗೆ ಉಳಿಸಿಕೊಡುತ್ತದೆ, ಮಣಿಕಟ್ಟು ಮಡಚುವುದಿಲ್ಲ, ಭಾರ ಹಿಂದಕ್ಕೆ ಸರಿದು ಸೀಟಿನ ಮೇಲೆ ಬೀಳುತ್ತದೆ. ಹಿಡಿ ಬಿಟ್ಟು ಮುಂದಿನ ಬಾಗಿನಲ್ಲಿ ಹಿಡಿಯಬಹುದು. ಏರಿಗೆ ಇನ್ನೂ ಮುಂದೆ, ನಡುಕೊಳವೆಯ ಎರಡೂ ಪಕ್ಕಕ್ಕೆ ಹಿಡಿದು ಬಾಗಬಹುದು. ಒಂದು ತಾಣ ದಣಿದರೆ ಇನ್ನೊಂದು. ರಾಮದುರ್ಗದ ಅಜ್ಜ ಲಾಳಿಯ ವಿಷಯವಾಗಿ ಹೇಳಿದ್ದು ಇದೇ ಎಂದು ನನಗೆ ಹೊಳೆದಾಗ ಡಿಸೆಂಬರ ಅರ್ಧ ಮುಗಿದಿತ್ತು.

ಪ್ರತಿಪಕ್ಷದ ಮಾತನ್ನೂ ಹೇಳಬೇಕು. ನೆಟ್ಟಗೆ ಕುಳಿತವನ ಎದೆಗೆ ಗಾಳಿ ಪೂರ್ತಿ ಬಡಿಯುತ್ತದೆ. ಮುಂಗಾರಿನಲ್ಲಿ ಪಡುವಣ ಗಾಳಿಗೆ ಎದುರಾಗಿ ರಾಮದುರ್ಗದಿಂದ ಬೈಲಹೊಂಗಲಕ್ಕೆ ಬರುವವನು ಇದನ್ನು ನನಗಿಂತ ಚೆನ್ನಾಗಿ ಬಲ್ಲ. ಭಾರವೆಲ್ಲ ಸೀಟಿಗೆ ಬಂದಾಗ ಸೀಟು ಒಳ್ಳೆಯದಿರಬೇಕಾಗುತ್ತದೆ. ಆಡಿನ ಕೊಂಬಿನಂತೆ ಕೆಳಕ್ಕೆ ಸುತ್ತಿದ ಪಂದ್ಯದ ಹ್ಯಾಂಡಲ್ಲಿನಲ್ಲಿ ಕೈಗೆ ಇನ್ನೂ ಹೆಚ್ಚು ತಾಣಗಳಿವೆ: ಮೇಲೆ, ಬ್ರೇಕಿನ ಗುಬಟಿನ ಮೇಲೆ, ಕೆಳಗೆ. ವಿಜಯಪುರ, ಬಾಗಲಕೋಟೆಯ ಕಡೆಯ ನಮ್ಮ ಹುಡುಗ ಹುಡುಗಿಯರು ರಾಷ್ಟ್ರಮಟ್ಟದಲ್ಲಿ ಹೆಸರು ಮಾಡಿದ್ದು ಅದನ್ನೇ ಹಿಡಿದು. ಎತ್ತರಕ್ಕೆ ಕಟ್ಟಿದರೆ ಅದು ದೂರದ ಪ್ರವಾಸಕ್ಕೂ ಬಹಳ ಒಳ್ಳೆಯದೆಂದು ಬಲ್ಲವರು ಹೇಳುತ್ತಾರೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಅದಕ್ಕೆ ಬ್ರೇಕು, ಗೇರು ಎಲ್ಲವೂ ಬೇರೆ ಬೇಕು. ಕೊಳವೆಯ ದಪ್ಪವೇ ಬೇರೆ. ನಮ್ಮ ಕಿಸೆಗೆ ಅದು ನಿಲುಕದು.

ಡಿಸೆಂಬರದಲ್ಲಿ ನನ್ನ ಸೈಕಲ್ಲನ್ನು ಬೈಲಹೊಂಗಲದ ಒಂದು ದುರಸ್ತಿ ಅಂಗಡಿಗೆ ಒಯ್ದೆ. ಅಂಗಡಿಯವರು ಮುಪ್ಪಿನವರು. ಸೈಕಲ್ಲನ್ನು ಒಂದು ಸಲ ನೋಡಿ, ನನ್ನನ್ನು ಅದರ ಮೇಲೆ ಕೂಡ್ರಿಸಿ, ಗೋಡೆಗೆ ಆನಿಸಿ ನಿಲ್ಲಿಸಿದರು.

"ಕಣ್ಣ ಮುಚ್ಚು. ಕೈ ಮುಂದ ಚಾಚು. ನಿನಗ ಎಲ್ಲಿ ಹಿತ ಅನಸ್ತದ ಅಲ್ಲಿ ನಿಲ್ಲಸು."

ನಿಲ್ಲಿಸಿದೆ. ಕಣ್ಣು ತೆರೆದು ನೋಡಿದರೆ ನನ್ನ ಕೈಗಳು ಹ್ಯಾಂಡಲ್ಲಿಗಿಂತ ಒಂದು ಗೇಣು ಹಿಂದೆ, ಅರ್ಧ ಗೇಣು ಮೇಲೆ ಗಾಳಿಯಲ್ಲಿ ನಿಂತಿದ್ದವು.

"ಹ್ಯಾಂಡಲ್ಲು ಹಿಡಿಯಾಕ ಐತಿ ತಮ್ಮಾ, ಭಾರ ಹಾಕಾಕಲ್ಲ" ಎಂದರು.

"ಮಾವನ ಕರಿ ಸೈಕಲ್ಲಿಂದು ಹಾಕಿದ್ರ ಆಗ್ತದೇನ್ರಿ ಅಜ್ಜಾರ?"

ಆಗುವುದಿಲ್ಲವೆಂದರು. ಸರಳಿನ ಬ್ರೇಕಿನ ಹ್ಯಾಂಡಲ್ಲಿಗೆ ಸರಳು ಕೂಡ್ರಿಸುವ ಕಿವಿಗಳು ಬೆಸೆದಿರುತ್ತವೆ, ಅದು ತನ್ನ ಸೈಕಲ್ಲಿಗೇ ಸರಿ. ತಂತಿ ಬ್ರೇಕಿನ ಹೆಣ್ಣುಮಕ್ಕಳ ಸೈಕಲ್ಲಿನ ಹ್ಯಾಂಡಲ್ಲು ಇದ್ದರೆ ಕೂಡುತ್ತದೆ. ಮೊಳೆಗೆ ತೂಗುಹಾಕಿದ್ದ ಎರಡರಲ್ಲಿ ಒಂದನ್ನು ಇಳಿಸಿದರು. ಇಲ್ಲಿ ಲಕ್ಷ್ಯವಿಡಬೇಕಾದ ಸಂಗತಿಯೊಂದಿದೆ. ಹ್ಯಾಂಡಲ್ಲಿನ ನಡುಭಾಗವನ್ನು ಹಿಡಿಯುವ ಕಟ್ಟಿನ ಅಳತೆ ಸಾಮಾನ್ಯವಾಗಿ 25.4 ಮಿಲಿಮೀಟರು, ಇತ್ತೀಚಿನ ದಪ್ಪ ಹ್ಯಾಂಡಲ್ಲುಗಳದು 31.8. ಇವೆರಡನ್ನೂ ಡಬ್ಬಿಯ ತಗಡು ಸುತ್ತಿ ಹೊಂದಿಸುವವರಿದ್ದಾರೆ. ಇಳಿಜಾರಿನಲ್ಲಿ ಹ್ಯಾಂಡಲ್ಲು ಕೈಯಲ್ಲಿ ತಿರುಗಿದಾಗ ಅವರ ಜಾಣತನ ತಿಳಿಯುತ್ತದೆ. ಹಿಡಿಯ ಕಡೆಯ ದಪ್ಪ ನೆಟ್ಟನೆಯದರಲ್ಲಿಯೂ ಬಗ್ಗಿದ್ದರಲ್ಲಿಯೂ ಒಂದೇ, 22.2; ಆದ್ದರಿಂದ ಇದ್ದ ಬ್ರೇಕಿನ ಹಿಡಿಗಳೇ ಸಾಕು, ತಂತಿ ಮಾತ್ರ ಉದ್ದದ್ದು ಬೇಕು. ಹ್ಯಾಂಡಲ್ಲನ್ನು ಎತ್ತರಿಸುವಾಗ ಅದರ ದಂಟಿನ ಮೇಲೆ ಕೊರೆದ ಗೆರೆ ಹೊರಗೆ ಕಾಣಿಸಬಾರದು. ಅದಕ್ಕೂ ಮೇಲೆ ಎಳೆದರೆ ದಂಟು ಮುರಿಯುವ ಭಯ.

ಅಜ್ಜ ಸೀಟಿಗೂ ಪಾನಾ ಹಾಕಿದರು. ನನ್ನ ಸೀಟಿನ ಮೂತಿ ಕೆಳಗೆ ಬಾಗಿತ್ತು. ಅದು ನನ್ನನ್ನು ದಿನವಿಡೀ ಮುಂದಕ್ಕೆ ಜಾರಿಸಿ ಕೈಗಳ ಮೇಲೆ ಚೆಲ್ಲುತ್ತಿತ್ತೆಂದು ನನಗೆ ಗೊತ್ತೇ ಇರಲಿಲ್ಲ. ಅರ್ಧ ತಪ್ಪು ಹ್ಯಾಂಡಲ್ಲಿನದಾದರೆ ಇನ್ನರ್ಧ ಈ ಮೂತಿಯದು ಎಂದು ಈಗ ನನಗೆ ಅನಿಸುತ್ತದೆ. ಸೀಟನ್ನು ಸಮಮಾಡಿ, ಹಿಡಿಗಳನ್ನು ಸೀಟಿಗಿಂತ ಎರಡು ಬೆರಳು ಮೇಲೆ ನಿಲ್ಲಿಸಿದರು. ಬ್ರೇಕಿನ ಮೇಲೆ ಬೆರಳಿಟ್ಟಾಗ ಮೊಣಕೈಯಿಂದ ಬೆರಳ ತುದಿಯವರೆಗೆ ಒಂದೇ ಗೆರೆ ಬರುವಂತೆ ಬ್ರೇಕಿನ ಹಿಡಿಗಳನ್ನು ತಿರುಗಿಸಿದರು. ಟಾಯರಿನ ಗಾಳಿ ಸ್ವಲ್ಪ ಬಿಟ್ಟರು. ಮೊಣಕೈ ಸೆಟೆಸದೆ ಸಡಿಲು ಬಿಡಬೇಕು, ಮೊಟ್ಟೆ ಹಿಡಿದಂತೆ ಹಿಡಿಯಬೇಕು, ಹ್ಯಾಂಡಲ್ಲಿಗೆ ಚೀಲ ತೂಗುಹಾಕಬಾರದು ಎಂದು ಬೈಯುವ ದನಿಯಲ್ಲಿಯೇ ಹೇಳಿದರು. ತೆಗೆದುಕೊಂಡ ಹಣ ನಮ್ಮ ಸ್ಟ್ಯಾಂಡಿನ ಎಷ್ಟೋ ಸೈಕಲ್ಲುಗಳ ಬೆಲ್ಲಿನ ಬೆಲೆಗಿಂತ ಕಡಿಮೆ.

ಮರುದಿನ ಕಾಲೇಜಿನಲ್ಲಿ ನನಗೆ ಆದ ಸ್ವಾಗತವನ್ನು ವರ್ಣಿಸಲಾರೆ. "ಅಕ್ಕಾರು ಬಂದ್ರು, ಜಾಗಾ ಬಿಡ್ರಿ" ಎಂದವರ ಹೆಸರುಗಳನ್ನು ಸಂಪಾದಕರ ಮೇಲಿನ ಗೌರವದಿಂದ ಇಲ್ಲಿ ಬರೆಯುವುದಿಲ್ಲ. ಮೂರು ದಿನ ನಾನೂ ಸೈಕಲ್ಲನ್ನು ಗೋಡೆಯ ಕಡೆಗೆ ತಿರುಗಿಸಿ ನಿಲ್ಲಿಸಿದ್ದುಂಟು.

ಬೆರಳುಗಳು ಸರಿಯಾಗಲು ಒಟ್ಟು ಏಳು ವಾರ ಹಿಡಿಯಿತು. ಜನೆವರಿಯ ಬನದ ಹುಣ್ಣಿಮೆಗೆ ಅದೇ ದಾರಿಯಲ್ಲಿ ಮತ್ತೆ ಗುಡ್ಡಕ್ಕೆ ಹೋದೆ. ಚಕ್ಕಡಿಗಳೂ ಟ್ರ್ಯಾಕ್ಟರುಗಳೂ ಸಾಲುಗಟ್ಟಿದ್ದವು, ಉಧೋ ಉಧೋ ಎಂಬ ಕೂಗು ದಾರಿಯುದ್ದಕ್ಕೂ ಇತ್ತು. ಗಾಳಿ ಎದುರಿಗೇ ಇತ್ತು. ಹಿಂದಿನ ಸಲಕ್ಕಿಂತ ಮುಕ್ಕಾಲು ತಾಸು ತಡವಾಗಿ ಮುಟ್ಟಿದೆನೆಂದು ಒಪ್ಪಿಕೊಳ್ಳುತ್ತೇನೆ. ಆದರೆ ಈ ಸಲ ದಾರಿಯ ಜೋಳವನ್ನೂ ಹತ್ತಿಯನ್ನೂ ನೋಡುತ್ತ ಹೋದೆ. ಗುಡ್ಡದಲ್ಲಿ ಭಂಡಾರ ಹಚ್ಚಿಕೊಳ್ಳುವಾಗ ಅದರ ನುಣುಪು ಐದೂ ಬೆರಳುಗಳಿಗೆ ತಿಳಿಯಿತು.

ನನ್ನ ಗೆಳೆಯ ಆ ಜಾತ್ರೆಗೆ ಬಂದಿರಲಿಲ್ಲ. ಅವನು ಈಗ ಹೊಸ ಸೈಕಲ್ಲು ಕೊಂಡಿದ್ದಾನೆ. ನೆಟ್ಟನೆಯ ಹ್ಯಾಂಡಲ್ಲು, ದಪ್ಪ ಟಾಯರು. ಕಿತ್ತೂರಿನ ಫೋಟೊದಲ್ಲಿ ತನ್ನ ಸೈಕಲ್ಲು ಕಾಣಿಸಲೇ ಇಲ್ಲವೆಂಬ ಕೊರಗು ಅವನಿಗೆ ಇತ್ತಂತೆ. ಕಣ್ಣು ಮುಚ್ಚಿ ಕೈ ಚಾಚಿ ನೋಡೆಂದು ಹೇಳಿದೆ, ಕೇಳಲಿಲ್ಲ. ಅಜ್ಜನ ಅಂಗಡಿಯ ಮೊಳೆಗೆ ಇನ್ನೊಂದು ಹ್ಯಾಂಡಲ್ಲು ತೂಗುತ್ತಿದೆ. ಅದನ್ನು ಯಾರಿಗೂ ಕೊಡಬೇಡಿರೆಂದು ಹೇಳಿ ಬಂದಿದ್ದೇನೆ.